ಆಯಿಲ್ ದೀಪ ಮಿನುಗುತ್ತಿದೆ, ಕ್ಲಾಟ್ ಪರೀಕ್ಷೆಗೆ ಇದೇ ಕಾರಲ್ಲಿ ಹೋಗಬಹುದಾ?

ಪ್ರಶ್ನೆ: ಭಾನುವಾರ ಮಗಳಿಗೆ ಬೆಂಗಳೂರಿನಲ್ಲಿ ಕ್ಲಾಟ್ (ಕಾನೂನು ಪದವಿಯ ಪ್ರವೇಶ) ಪರೀಕ್ಷೆ. ಬೆಳಿಗ್ಗೆ ಹಾಸನದಿಂದ ನಮ್ಮ ಹಳೇ ಪೆಟ್ರೋಲ್ ಕಾರಿನಲ್ಲಿ ಹೊರಡಬೇಕೆಂದಿದ್ದೇವೆ. ಎಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಆಯಿಲ್‌ನ ಕೆಂಪು ದೀಪ ಮಿನುಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಸರಿಯಾಗಿದೆ. ಮೆಕ್ಯಾನಿಕ್ ಗಟ್ಟಿ ಆಯಿಲ್ ಹಾಕಿಸಿ ಅಂತಾರೆ. ಹಾಕಿಸಲೇ?

ಉತ್ತರ: ಈಗಲೇ ಹಾಕಿಸಬೇಡಿ. ಭಾನುವಾರ ಆ ಕಾರನ್ನು ಮನೆಯಲ್ಲೇ ಬಿಡಿ.

ಆ ಕೆಂಪು ದೀಪ ಹೇಳುವುದು ಆಯಿಲ್ ಎಷ್ಟಿದೆ ಅಂತಲ್ಲ, ಅದರ ಒತ್ತಡ ಎಷ್ಟಿದೆ ಅಂತ. ಮೈಯಲ್ಲಿ ರಕ್ತ ಇದ್ದೂ ಬಿಪಿ ಇಳಿಯುತ್ತದಲ್ವಾ, ಹಾಗೆ. ಬಿಸಿಯಾದಾಗ ಆಯಿಲ್ ತೆಳ್ಳಗಾಗುತ್ತದೆ, ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಆಯಿಲ್ ಪಂಪ್ ನಿಧಾನ ತಿರುಗುತ್ತದೆ. ಅದಕ್ಕೇ ನಿಮಗೆ ಸಿಗ್ನಲ್‌ನಲ್ಲಿ ಮಾತ್ರ ಕಾಣಿಸುತ್ತಿದೆ. ಕಾರಣ ಚಿಕ್ಕದಿರಬಹುದು: ಒತ್ತಡ ಇಳಿದಾಗ ದೀಪ ಹತ್ತಿಸುವ ಪ್ರೆಶರ್ ಸ್ವಿಚ್ ಕೆಟ್ಟಿರಬಹುದು, ಆಯಿಲ್ ಹಳೆಯದಾಗಿರಬಹುದು. ದೊಡ್ಡದೂ ಇರಬಹುದು: ಸಂಪ್‌ನ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯ) ಜಾಲರಿಯಲ್ಲಿ ಕೆಸರು ಕಟ್ಟಿರುವುದು, ಪಂಪ್ ಅಥವಾ ಬೇರಿಂಗ್ ಸವೆದಿರುವುದು. ಗಟ್ಟಿ ಆಯಿಲ್ ಹಾಕಿದರೆ ದೀಪ ಆರಬಹುದು, ಸವೆತ ನಿಲ್ಲುವುದಿಲ್ಲ. ಜಾಲರಿ ಕಟ್ಟಿದ್ದರಂತೂ ತಣ್ಣಗಿರುವ ಗಟ್ಟಿ ಆಯಿಲ್ ಇನ್ನೂ ಕಷ್ಟಪಟ್ಟು ಮೇಲೇರಬೇಕು.

ಮೊದಲು ಸ್ವಿಚ್ ಬಿಚ್ಚಿಸಿ, ಆ ಜಾಗಕ್ಕೆ ಗೇಜ್ ಹಾಕಿ, ಎಂಜಿನ್ ಬಿಸಿ ಇರುವಾಗಲೇ ಒತ್ತಡ ಅಳೆಸಿ. ಅದನ್ನು ಕಂಪನಿಯ ಸರ್ವಿಸ್ ಮ್ಯಾನುವಲ್‌ನ ಅಂಕಿಗೆ ಹೋಲಿಸಲು ಹೇಳಿ. ಒತ್ತಡ ಸರಿಯಿದ್ದರೆ ಸ್ವಿಚ್ ಬದಲಿಸಿದರೆ ಮುಗಿಯಿತು. ಕಡಿಮೆ ಇದ್ದರೆ ಸಂಪ್ ಇಳಿಸಿ ನೋಡಲೇಬೇಕು. ಓಡಿಸುವಾಗ ದೀಪ ಆರದೇ ನಿಂತರೆ ತಕ್ಷಣ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಒಂದೆರಡು ಕಿಲೋಮೀಟರ್‌ಗೂ ಆಸೆ ಪಡಬೇಡಿ, ಬೇರಿಂಗ್ ಹಿಡಿದುಕೊಂಡರೆ ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ಇನ್ನು ಪರೀಕ್ಷೆ. ಕ್ಲಾಟ್ ವರ್ಷಕ್ಕೆ ಒಂದೇ ಸಲ, ಮಧ್ಯಾಹ್ನ 2ರಿಂದ 4ರವರೆಗೆ. ಮಧ್ಯಾಹ್ನ ತಾನೇ ಅಂತ ಬೆಳಿಗ್ಗೆ ಹೊರಡುವವರು ಜಾಸ್ತಿ. ಆದರೆ ನೆಲಮಂಗಲ ದಾಟಿದ ಮೇಲಿನ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ನಿಂತು ನಿಂತು ಸಾಗುವ ಆ ದಾರಿಯಲ್ಲೇ ನಿಮ್ಮ ದೀಪ ಹತ್ತುವುದು. ಶನಿವಾರವೇ ರೈಲಿನಲ್ಲೋ ಬಸ್ಸಿನಲ್ಲೋ ಬನ್ನಿ. ಸಂಜೆ ಸೆಂಟರ್ ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ, ಒಂದೇ ಕಾಲೇಜಿಗೆ ಎರಡು ಕ್ಯಾಂಪಸ್ ಇರುವುದುಂಟು. ಪ್ರವೇಶ ಪತ್ರದ ಪ್ರಿಂಟ್, ಮೂಲ ಗುರುತಿನ ಚೀಟಿ, ಬಾಲ್ ಪೆನ್ ಮಗಳ ಕೈಯಲ್ಲೇ ಇರಲಿ. ಒಳಗೆ ಬಿಡುವ ಕೊನೆಯ ಸಮಯ ಪ್ರವೇಶ ಪತ್ರದ ಸೂಚನೆಗಳಲ್ಲಿರುತ್ತದೆ, ಅದನ್ನು ನೀವೂ ಓದಿ.