ಕಾನೂನು ಓದುವವರಿಗೆ: ಗ್ರಂಥಪಾಲಕಿಯ ಉತ್ತರ

(ಲಾ ಕಾಲೇಜಿನ ಗ್ರಂಥಾಲಯದಲ್ಲಿ 22 ವರ್ಷದಿಂದ ಇರುವ ಗ್ರಂಥಪಾಲಕಿ ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದಾರೆ.)

ಪ್ರಶ್ನೆ: ನಾನು ಎಲ್‌ಎಲ್‌ಬಿ ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ. ಮೇಷ್ಟ್ರು ಬೋರ್ಡ್ ಮೇಲೆ ‘ಎಐಆರ್ 1973 ಎಸ್‌ಸಿ 1461’ ಎಂದು ಬರೆದು, ಓದಿಕೊಂಡು ಬನ್ನಿ ಎಂದರು. ಕಪಾಟಿನ ಮುಂದೆ ಅರ್ಧ ಗಂಟೆ ನಿಂತು ಸುಮ್ನೆ ವಾಪಸ್ ಬಂದೆ. ಯಾರನ್ನಾದರೂ ಕೇಳಲು ಸಂಕೋಚ.

ಉತ್ತರ: ಸಂಕೋಚ ಬೇಡಮ್ಮ. ಕಾಲೇಜು ಶುರುವಾದ ಮೊದಲ ತಿಂಗಳು ನನ್ನ ಮೇಜಿಗೆ ಬರುವ ಚೀಟಿಗಳಲ್ಲಿ ಇದೇ ಸಂಖ್ಯೆ ಜಾಸ್ತಿ. ಅದನ್ನು ಮನೆ ವಿಳಾಸದ ಹಾಗೆ ಓದಿ. ಎಐಆರ್ ಅಂದರೆ ಆಲ್ ಇಂಡಿಯಾ ರಿಪೋರ್ಟರ್, 1914ರಿಂದೀಚಿನ ತೀರ್ಪುಗಳ ಮಾಲೆ. 1973 ಸಂಪುಟದ ವರ್ಷ. ಎಸ್‌ಸಿ ಅಂದರೆ ಸುಪ್ರೀಂ ಕೋರ್ಟ್. 1461 ಪುಟ. ಹೈಕೋರ್ಟ್ ತೀರ್ಪುಗಳ ಸಂಪುಟಗಳೂ ಅಕ್ಕಪಕ್ಕದಲ್ಲೇ ಇರುತ್ತವೆ, ಬೆನ್ನೂ ಒಂದೇ ಥರ ಕಾಣುತ್ತದೆ. ಹೊಸಬರು ಎಡವುವುದು ಅಲ್ಲೇ.

ಆ ಪುಟದಲ್ಲಿ ನಿಮಗೆ ಸಿಗುವುದು ಕೇಶವಾನಂದ ಭಾರತಿ ಪ್ರಕರಣ. ಅರ್ಜಿ ಹಾಕಿದವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಇದೇ ತೀರ್ಪು ‘(1973) 4 ಎಸ್‌ಸಿಸಿ 225’ ಎಂದೂ ಸಿಗುತ್ತದೆ. ಎಸ್‌ಸಿಸಿ ಅಂದರೆ ಸುಪ್ರೀಂ ಕೋರ್ಟ್ ಕೇಸಸ್, ತೀರ್ಪುಗಳ ಇನ್ನೊಂದು ಮಾಲೆ. ಅಲ್ಲಿ 4 ಅನ್ನುವುದು ಆ ವರ್ಷದ ನಾಲ್ಕನೇ ಸಂಪುಟ.

ಆದರೆ ಮೊದಲ ಪುಟದಿಂದ ಶುರು ಮಾಡಬೇಡಿ. 13 ನ್ಯಾಯಮೂರ್ತಿಗಳು, 11 ಪ್ರತ್ಯೇಕ ತೀರ್ಪುಗಳು, ಸುಮಾರು 700 ಪುಟ. ಮೊದಲ ಸೆಮಿಸ್ಟರ್‌ನವರು ನಲವತ್ತನೇ ಪುಟಕ್ಕೇ ಸೋತು ಗೈಡ್ ಹಿಡಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಬರೆದ ಭಾಗವನ್ನು ಮೊದಲು ಓದಿ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂಬ ಕಡೆಗೆ 7-6ರಲ್ಲಿ ತೀರ್ಪು ವಾಲಿದ್ದು ಅವರಿಂದ. ಇನ್ನೊಂದು ಮಾತು: ತೀರ್ಪಿನ ಮೇಲೆ ಸಣ್ಣ ಅಕ್ಷರದಲ್ಲಿ ಇರುವ ಹೆಡ್‌ನೋಟ್ ಕೋರ್ಟಿನ ಮಾತಲ್ಲ. ಅದನ್ನು ಸಂಪಾದಕರು ಬರೆದಿರುತ್ತಾರೆ. ದಾರಿ ತೋರಿಸುವುದಕ್ಕೆ ಅದು ಸಾಕು, ಉತ್ತರದಲ್ಲಿ ಎತ್ತಿ ಬರೆಯುವುದಕ್ಕೆ ಸಾಲದು.

ಪ್ರಶ್ನೆ: ಎಲ್ಲ ತೀರ್ಪೂ ಮೊಬೈಲಲ್ಲೇ ಇದೆ. ಎಐಗೆ ಕೇಳಿದರೆ ಕ್ಷಣದಲ್ಲಿ ಕೇಸ್ ಹೆಸರು ಕೊಡುತ್ತದೆ. ಮೂಟ್ ಕೋರ್ಟ್ (ವಿದ್ಯಾರ್ಥಿಗಳ ಅಣಕು ನ್ಯಾಯಾಲಯ) ತಯಾರಿಗೆ ಲೈಬ್ರರಿಗೆ ಬರಲೇಬೇಕಾ?

ಉತ್ತರ: ಮೊಬೈಲ್ ಖಂಡಿತ ಬಳಸಿ. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಶುರು ಮಾಡಿದ ಇ-ಎಸ್‌ಸಿಆರ್ ಎಂಬ ಜಾಲತಾಣದಲ್ಲಿ ತೀರ್ಪುಗಳು ಉಚಿತ. ಕಾಯ್ದೆಗಳಿಗೆ ಇಂಡಿಯಾ ಕೋಡ್ ಜಾಲತಾಣ ಇದೆ. ಎಐ ಕೊಟ್ಟ ಹೆಸರನ್ನು ಮಾತ್ರ ತೀರ್ಪು ತೆರೆದು ನೋಡುವವರೆಗೆ ನಂಬಬೇಡಿ. 2023ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ಪ್ರಕರಣಗಳನ್ನು ಹಾಕಿ ಸಿಕ್ಕಿಬಿದ್ದರು. ದಂಡ 5,000 ಡಾಲರ್.

ಇಲ್ಲದ ಕೇಸು ಹೇಗೋ ಬಯಲಾಗುತ್ತದೆ. ನನಗೆ ಜಾಸ್ತಿ ಭಯ ಇರುವುದು, ನಿಜವಾಗಿಯೂ ಇರುವ ಆದರೆ ಮುಂದಿನ ತೀರ್ಪೊಂದು ತಳ್ಳಿಹಾಕಿದ ಕೇಸಿನ ಬಗ್ಗೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಮೂಟ್‌ಗೆ ರಾತ್ರಿಯೆಲ್ಲ ಓದಿ ಹೋದ. ಖಾಸಗಿತನ ಮೂಲಭೂತ ಹಕ್ಕಲ್ಲ ಎನ್ನಲು ಖರಕ್ ಸಿಂಗ್ ಪ್ರಕರಣ ಎತ್ತಿದ. ‘ಎಐಆರ್ 1963 ಎಸ್‌ಸಿ 1295’, ಉಲ್ಲೇಖವೆಲ್ಲ ಸರಿ. ಪೀಠದಲ್ಲಿದ್ದವರು, ‘2017ರ ಪುಟ್ಟಸ್ವಾಮಿ ತೀರ್ಪು ಏನು ಹೇಳಿತು?’ ಎಂದು ಕೇಳಿದರು. ಹುಡುಗನ ಬಾಯಿ ಕಟ್ಟಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ಮಾತನ್ನು ತಳ್ಳಿಹಾಕಿತ್ತು.

ಮರುದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸಂಪುಟ ತೆರೆದೆ. ಹಳದಿ ತಿರುಗಿದ ಪುಟ, ಅಂಚು ಮುಟ್ಟಿದರೆ ಪುಡಿ. ಮುಂದೆ ಏನಾಯಿತು ಅನ್ನುವುದು ಆ ಕಾಗದಕ್ಕೆ ಹೇಗೆ ಗೊತ್ತಾಗಬೇಕು? ನಾನೇ ಅಂಚಿನಲ್ಲಿ ತೆಳುವಾಗಿ ಪೆನ್ಸಿಲ್‌ನಲ್ಲಿ ಬರೆದೆ: ‘ನೋಡಿ, (2017) 10 ಎಸ್‌ಸಿಸಿ 1’. ಈಗಲೂ ಅಲ್ಲಿದೆ. ಡೈಜೆಸ್ಟ್ (ತೀರ್ಪುಗಳ ಸಾರಾಂಶ) ಸಂಪುಟಗಳಲ್ಲಿ ತಳ್ಳಿಹಾಕಿದ ತೀರ್ಪುಗಳ ‘ಓವರ್‌ರೂಲ್ಡ್’ ಪಟ್ಟಿ, ಎಸ್‌ಸಿಸಿ ಆನ್‌ಲೈನ್, ಮನುಪಾತ್ರ ಜಾಲತಾಣಗಳು, ಇವೆಲ್ಲ ಇರುವುದು ಇದನ್ನೇ ನೋಡಿಕೊಳ್ಳಲು. ಕೊನೆಯ ಎರಡಕ್ಕೆ ಚಂದಾ ಬೇಕು, ಹಾಗಾಗಿ ನಿಮ್ಮ ಲೈಬ್ರರಿಯಲ್ಲಿ ಲಾಗಿನ್ ಇದೆಯಾ ಕೇಳಿ. ಮೂಟ್‌ಗೆ ಹದಿನೈದು ದಿನ ಇರುವಾಗಲೇ ಬನ್ನಿ. ಹಿಂದಿನ ದಿನ ಸಂಜೆ ಬಂದರೆ ಎಲ್ಲರಿಗೂ ಅದೇ ಸಂಪುಟ ಬೇಕಿರುತ್ತದೆ.

ಪ್ರಶ್ನೆ: ಪರೀಕ್ಷೆಗೆ ಸೀನಿಯರ್ ಕೊಟ್ಟ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯ, ಸಾಕಾ?

ಉತ್ತರ: ಅದೊಂದೇ ಸಾಲದು. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಐಪಿಸಿಯಲ್ಲಿ 511 ಕಲಂ ಇದ್ದವು, ಸಂಹಿತೆಯಲ್ಲಿ 358. ಕೊಲೆಗೆ ಶಿಕ್ಷೆಯ 302 ಈಗ 103. ಎಲ್ಲರ ಬಾಯಲ್ಲೂ ಇದ್ದ 420 ಈಗ 318(4). ಹಾಗಂತ ಹಳೆಯದನ್ನು ರದ್ದಿಗೆ ಹಾಕಬೇಡಿ. ಆ ತಾರೀಖಿಗೆ ಮೊದಲು ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯ. ನೀವು ಓದುವ ತೀರ್ಪುಗಳೂ ಹೆಚ್ಚಿನವು ಹಳೆಯ ಸಂಖ್ಯೆಯಲ್ಲೇ ಇವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ನಿಮ್ಮ ಸ್ವಂತ ಪ್ರತಿಯಾದರೆ, ಹೊಸ ಕಲಂ ಪಕ್ಕ ಹಳೆಯ ಸಂಖ್ಯೆ ಬರೆಯುತ್ತಾ ಹೋಗಿ. ಕೈಯಲ್ಲಿ ಬರೆದದ್ದು ಪರೀಕ್ಷೆ ಹಾಲ್‌ನಲ್ಲಿ ನೆನಪಿಗೆ ಬರುತ್ತದೆ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್ ಸಿಗಲಿಲ್ಲ. ರಜೆ ವ್ಯರ್ಥ ಆಗುತ್ತದೆ ಅಲ್ವಾ?

ಉತ್ತರ: ಇಲ್ಲ. ರಜೆಯಲ್ಲಿ ಲೈಬ್ರರಿ ಖಾಲಿ ಇರುತ್ತದೆ, ಇಡೀ ಮೇಜು ನಿಮ್ಮದೇ. ಸಂವಿಧಾನ ರಚನಾ ಸಭೆಯ ಚರ್ಚೆಗಳ ಸಂಪುಟ ಕೇಳಿ ಪಡೆಯಿರಿ. 1948ರ ಡಿಸೆಂಬರ್‌ನ ಪುಟಗಳಲ್ಲಿ ಕರಡಿನ 15ನೇ ವಿಧಿ, ಅಂದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಈಗಿನ 21ನೇ ವಿಧಿ ಬಗ್ಗೆ ಸದಸ್ಯರು ವಾದ ಮಾಡುತ್ತಾರೆ. ‘ಡ್ಯೂ ಪ್ರೋಸೆಸ್’ (ನ್ಯಾಯಸಮ್ಮತ ಪ್ರಕ್ರಿಯೆ) ಎಂಬ ಮಾತು ಬೇಕೋ ಬೇಡವೋ ಅನ್ನುವುದು ಅಲ್ಲಿನ ಜಗಳ. ಅದನ್ನು ಓದಿದ ಮೇಲೆ ಮೇನಕಾ ಗಾಂಧಿ ತೀರ್ಪು ತೆಗೆಯಿರಿ, ಎಐಆರ್ 1978 ಎಸ್‌ಸಿ 597. ಆಗ ಬೇಡ ಎಂದು ಬಿಟ್ಟದ್ದು ಮೂವತ್ತು ವರ್ಷದ ನಂತರ ಬೇರೆ ಬಾಗಿಲಿಂದ ಒಳಗೆ ಬಂದದ್ದು ನಿಮ್ಮ ಕಣ್ಣಿಗೇ ಕಾಣುತ್ತದೆ. ಅದನ್ನು ಕಂಡ ವಿದ್ಯಾರ್ಥಿ ಓಡಿ ಬಂದು ನನಗೆ ಹೇಳಿದ ದಿನ ನಾನು ಊಟ ಮರೆತಿದ್ದೆ.

ಪ್ರಶ್ನೆ: ಮಳೆಯಲ್ಲಿ ಲೈಬ್ರರಿ ಪುಸ್ತಕ ನೆನೆಯಿತು. ದಂಡ ಹಾಕುತ್ತಾರೆ ಎಂದು ಬ್ಯಾಗಿನಲ್ಲೇ ಇಟ್ಟಿದ್ದೇನೆ.

ಉತ್ತರ: ಇವತ್ತೇ ತೆಗೆಯಿರಿ. ಒದ್ದೆ ಪುಸ್ತಕ ಬ್ಯಾಗಿನಲ್ಲಿದ್ದರೆ ಎರಡು ಮೂರು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಇಡಬೇಡಿ, ಇಸ್ತ್ರಿ ಮಾಡಬೇಡಿ. ಅಲ್ಲಲ್ಲಿ ಪುಟಗಳ ಮಧ್ಯೆ ಅಚ್ಚಿಲ್ಲದ ಬಿಳಿ ಕಾಗದ ಸೇರಿಸಿ, ಪುಸ್ತಕವನ್ನು ನಿಲ್ಲಿಸಿ ಫ್ಯಾನ್ ಗಾಳಿಗೆ ಇಡಿ. ಕಾಗದ ಒದ್ದೆಯಾದ ಹಾಗೆ ಬದಲಿಸಿ. ಹೊಳಪು ಕಾಗದದ ಪುಸ್ತಕವಾದರೆ ಪುಟಗಳು ಅಂಟಿಕೊಳ್ಳುತ್ತವೆ, ಬಿಡಿಸಲು ಹೋಗದೆ ನೇರ ಗ್ರಂಥಪಾಲಕರ ಕೈಗೆ ಕೊಟ್ಟು ನಡೆದದ್ದನ್ನು ಹೇಳಿ.