ಸ್ವಂತ ಕನ್ನಡ ಪದ ಗಿಟಾರಿಗೆ ಯಾಕೆ ಕೂರುತ್ತಿಲ್ಲ?

ಮುಂಬಯಿಯ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಹಾಡಲು ಸ್ವಂತ ಪದ (ಜಾನಪದ ಧಾಟಿಯ ಹಾಡು) ಬರೆದಿದ್ದೀರಿ, ಗಿಟಾರ್ ಹಿಡಿದು ಪದ ಹಾಡುವ ರಘು ದೀಕ್ಷಿತರ ದಾರಿ ಇಷ್ಟ, ಆದರೆ ನಿಮ್ಮದು ಸಿನಿಮಾ ಹಾಡಿನಂತೆ ಕೇಳುತ್ತದೆ, ಯಾಕೆ ಅಂತ ಕೇಳಿದ್ದೀರಿ.

ರಘು ಅವರ 2008ರ ಮೊದಲ ಆಲ್ಬಮ್ಮಿನಲ್ಲಿರುವ ‘ಗುಡುಗುಡಿಯ ಸೇದಿ ನೋಡೋ’ ಶಿಶುನಾಳ ಶರೀಫರ ಪದ. ಶರೀಫರು ತೀರಿಕೊಂಡದ್ದು 1889ರಲ್ಲಿ. ಗಿಟಾರ್ ಜೊತೆಗೂಡುವ ಎಷ್ಟೋ ಮೊದಲೇ ಆ ಮಾತುಗಳಿಗೆ ತಮ್ಮದೇ ನಡೆ ಇತ್ತು. ನೀವು ಬಹುಶಃ ಗಿಟಾರಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೊದಲು ಹಿಡಿದು ಮೇಲೆ ಮಾತು ಕೂರಿಸುತ್ತಿದ್ದೀರಿ. ತೊಡಕು ಅಲ್ಲೇ ಅಂತ ನನ್ನ ಅನಿಸಿಕೆ.

ಕನ್ನಡದಲ್ಲಿ ಮಾತಿನ ಮೊದಲ ಹ್ರಸ್ವ ಎಳೆದರೆ ಎಷ್ಟೋ ಸಲ ಅರ್ಥವೇ ಕೆಡುತ್ತದೆ. ‘ಬಳೆ’ಯ ಮೊದಲಕ್ಷರ ಎಳೆದಿರೋ, ಕೇಳುವವರಿಗೆ ಅದು ‘ಬಾಳೆ’. ‘ಬ’ ಚುಟುಕಾಗಿ ಮುಗಿಸಿ ‘ಳೇ…’ ಅಂತ ಎಷ್ಟು ಬೇಕಾದರೂ ಎಳೆಯಿರಿ, ಬಳೆ ಬಳೆಯಾಗಿಯೇ ಉಳಿಯುತ್ತದೆ. ಗಿಟಾರ್ ಪಕ್ಕಕ್ಕಿಟ್ಟು, ತೊಡೆ ತಟ್ಟಿಕೊಂಡು ಪಲ್ಲವಿ ಬರೀ ಮಾತಿನಲ್ಲಿ ಹೇಳಿ. ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ ಲೆಕ್ಕ ಹಾಕಿ. ಸಾಲಿನಲ್ಲಿ ಮಾತ್ರೆ ಕಡಿಮೆ ಬಿದ್ದರೆ ಸ್ವರ ಹಿಗ್ಗಿಸಬೇಡಿ, ‘ತಮ್ಮಾ’, ‘ನೋಡವ್ವ ತಂಗಿ’ ಥರದ ಕರೆ ಸೇರಿಸಿ. ಉಸಿರಿಗೂ ಜಾಗ ಸಿಗುತ್ತದೆ.

ಇನ್ನು ಗಿಟಾರ್. ಮೇಜರ್ ಕಾರ್ಡಿನಲ್ಲಿ ಗಾಂಧಾರ (ಗ) ಒಂದೇ ಕಡೆ ಗಟ್ಟಿಯಾಗಿ ಕೂತಿರುತ್ತದೆ. ಪದ ಹಾಡುವಾಗ ಅದೇ ಗಾಂಧಾರವನ್ನು ಕೊಂಚ ಇಳಿಸಿ ಜಾರಿಸಬೇಕೆನಿಸುತ್ತದೆ, ಆಗ ಕಂಠಕ್ಕೂ ತಂತಿಗೂ ಜಗಳ. ಅದಕ್ಕೆ ಆರನೇ, ಎರಡನೇ, ಮೊದಲನೇ ತಂತಿಗಳನ್ನು ಎರಡೆರಡು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಇಳಿಸಿ. ದಪ್ಪ ತಂತಿಯಿಂದ ಡಿ, ಎ, ಡಿ, ಜಿ, ಎ, ಡಿ ಬರುತ್ತದೆ. ಡಿ ನಿಮ್ಮ ಷಡ್ಜ (ಸ). ಮೂರನೇ ತಂತಿಯನ್ನು ಒತ್ತದೆ ಮೀಟಿದರೆ ಮಧ್ಯಮ (ಮ) ನುಡಿಯುತ್ತದೆ, ಎರಡನೇ ಫ್ರೆಟ್‌ನಲ್ಲಿ ಒತ್ತಿದರೆ ಪಂಚಮ (ಪ). ಆಗ ಆರೂ ತಂತಿಗಳಲ್ಲಿ ಸ, ಪ ಮಾತ್ರ: ಏಕತಾರಿಯ ಹಾಗೆ ಶ್ರುತಿ ನಿಲ್ಲುತ್ತದೆ, ಗಾಂಧಾರ ಪೂರ್ತಿ ನಿಮ್ಮ ಕಂಠದ್ದು. ಶ್ರುತಿ ತಗ್ಗಾಯಿತೆನಿಸಿದರೆ ಎರಡನೇ ಫ್ರೆಟ್‌ಗೆ ಕೇಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ.

ಜೊತೆಗೆ ದಮ್ಮಡಿ (ಚರ್ಮ ಬಿಗಿದ ಕೈವಾದ್ಯ) ಇಟ್ಟುಕೊಳ್ಳುವುದಾದರೆ ಮುಂಬಯಿಯ ಮಳೆಗಾಲ ನೆನಪಿರಲಿ. ತೇವಕ್ಕೆ ಚರ್ಮ ಸಡಿಲವಾಗಿ ನಾದ ಮಂಕಾಗುತ್ತದೆ. ಹೊರಗೆ ಕಾಯಿಸಿ ಬಿಗಿ ಮಾಡಿ ತಂದರೆ ಸಭಾಂಗಣದ ಎಸಿಯ ಒಣಗಾಳಿಗೆ ಶ್ರುತಿ ಇನ್ನೂ ಏರುತ್ತದೆ. ಅರ್ಧ ಗಂಟೆ ಮೊದಲೇ ಒಳಗೆ ತಂದಿಟ್ಟು, ಆಮೇಲೆ ಶ್ರುತಿ ನೋಡಿ.

ವೇದಿಕೆಗೆ ಮುಂಚೆ, ಸಾಹಿತ್ಯ ಓದಿರದ ಕನ್ನಡಿಗರೊಬ್ಬರ ಮುಂದೆ ಹಾಡಿ, ಪಲ್ಲವಿಯನ್ನು ಕೇಳಿಸಿದಂತೆ ಬರೆಯಲು ಹೇಳಿ. ಅವರು ‘ಬಾಳೆ’ ಅಂತ ಬರೆದಲ್ಲಿ ಮಾತು ಮುಟ್ಟಬೇಡಿ, ಧಾಟಿ ಬದಲಿಸಿ.