ಪ್ರತಿಕ್ರಿಯೆ: ಬೋವಿ ಯಾಕೆ ಹಿಡಿಸುತ್ತಿಲ್ಲ?

ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿ ಕೇಳಿದರೂ ಹಿಡಿಸುತ್ತಿಲ್ಲ, ವಯಸ್ಸು ನಲವತ್ತೈದಾದದ್ದು ಕಾರಣವೇ ಎಂದು ಕೇಳಿದ್ದೀರಿ. ವಯಸ್ಸು ಕಾರಣ ಅಲ್ಲ. ಶುರು ಮಾಡಿದ ಜಾಗ ಕಾರಣ ಇರಬೇಕು. 1977ರ ‘ಲೋ’ ಆಲ್ಬಮ್ಮನ್ನು ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೇಳಿದೆ ಎಂದಿದ್ದೀರಿ. ಅದರ ಎರಡನೇ ಅರ್ಧದಲ್ಲಿ ಬಹುಪಾಲು ಬರೀ ವಾದ್ಯ. ಬಸ್ಸಿನ ಹಾರ್ನ್ ನಡುವೆ ಅದು ಕಿವಿಗೇ ಬೀಳುವುದಿಲ್ಲ.

ಸದ್ಯ ಅದನ್ನು ಬದಿಗಿಡಿ. ಮೊದಲು 1971ರ ‘ಹಂಕಿ ಡೋರಿ’ ಕೇಳಿ. ಪಿಯಾನೋ ಜಾಸ್ತಿ, ಹಾಡುಗಳು ಬೇಗ ಬಾಯಿಗೆ ಬರುತ್ತವೆ. ಆಮೇಲೆ 1972ರ ‘ಜಿಗ್ಗಿ ಸ್ಟಾರ್‌ಡಸ್ಟ್’. ಇಲ್ಲಿ ಅವರು ಒಂದು ಪಾತ್ರವಾಗಿ ಹಾಡುತ್ತಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಸುಲಭ, ಅಲ್ವಾ? ನಿನ್ನೆಯ ವೇಷವೇ ಇವತ್ತೂ ಬರಬೇಕೆಂದು ನಾವು ಹಟ ಹಿಡಿಯುವುದಿಲ್ಲ.

ಮೂರನೆಯದು ‘ಹೀರೋಸ್’ ಹಾಡು. ಇದಕ್ಕೆ ಹೆಡ್‌ಫೋನ್ ಬೇಕೇ ಬೇಕು. ಬರ್ಲಿನ್‌ನ ಹನ್ಸಾ ಸ್ಟುಡಿಯೋದ ದೊಡ್ಡ ಹಾಲ್‌ನಲ್ಲಿ ನಿರ್ಮಾಪಕ ಟೋನಿ ವಿಸ್ಕಾಂಟಿ ಬೋವಿಯ ದನಿಗೆ ಮೂರು ಮೈಕ್ ಇಟ್ಟಿದ್ದರು. ಒಂದು ಬಾಯಿಯ ಹತ್ತಿರ, ಇನ್ನೊಂದು ಸ್ವಲ್ಪ ದೂರ, ಮೂರನೆಯದು ಬಹಳ ದೂರ. ದನಿ ಏರಿದಾಗ ಮಾತ್ರ ದೂರದ ಮೈಕ್‌ಗಳು ತೆರೆದುಕೊಳ್ಳುತ್ತಿದ್ದವು. ಹಾಗಾಗಿ ತಗ್ಗಿನಲ್ಲಿ ಶುರುವಾದ ದನಿ ಕೊನೆಗೆ ಇಡೀ ಹಾಲ್ ತುಂಬುತ್ತದೆ. ನನಗೆ ಬೋವಿ ಒಲಿದದ್ದು ಇಲ್ಲೇ. ಬಿಡಿ ಹಾಡಾಗಿ (ಸಿಂಗಲ್) ಬಂದ ಚಿಕ್ಕ ಆವೃತ್ತಿ ಬೇಡ, ಅದರಲ್ಲಿ ಶುರುವಿನ ಭಾಗ ಕತ್ತರಿಸಿದ್ದಾರೆ. ಅದೇ ಹೆಸರಿನ ಆಲ್ಬಮ್‌ನ ಆರು ನಿಮಿಷದ್ದೇ ಹಾಕಿ.

ಆಮೇಲೆ ‘ಲೋ’ಗೆ ಮರಳಿ, ರಾತ್ರಿ, ಮನೆಯಲ್ಲಿ. ಆಗ ಹಿಡಿಸಿಯೇ ಬಿಡುತ್ತದೆ ಎಂದು ಖಂಡಿತವಾಗಿ ಹೇಳಲಾರೆ. ಹಿಡಿಸದಿದ್ದರೆ ಸುಮ್ನೆ ಒದ್ದಾಡಬೇಡಿ. ನೇರವಾಗಿ 2016ರ ‘ಬ್ಲ್ಯಾಕ್‌ಸ್ಟಾರ್’ ಕೇಳಿ, ಅವರು ತೀರಿಕೊಳ್ಳುವ ಎರಡು ದಿನ ಮೊದಲು ಬಂದದ್ದು.